ಏಳನೇ ಮಹಡಿಯ ಕುಗೆಲ್

ಯಾರ ವೀಸಾ ಕ್ಯಾನ್ಸಲ್ ಆಗಿದೆ ಎಂದು ಮುಖ ನೋಡಿಯೇ ಹೇಳುವ ವಿದ್ಯೆಯೊಂದು ಶಿರ್ವದ ಹ್ಯೂಬರ್ಟ್ ಮಥಾಯಸನಿಗೆ ಒಲಿದಿತ್ತು. ಇದಕ್ಕೆ ಯಾವ ವಿಶ್ವವಿದ್ಯಾಲಯವೂ ಪದವಿ ಕೊಡುವುದಿಲ್ಲ. ದುಬೈಯ ಲಿಫ್ಟುಗಳಲ್ಲಿ ವರ್ಷಗಟ್ಟಲೆ ಹತ್ತಿ ಇಳಿದವರಿಗೆ ತಾನಾಗಿ ಬರುತ್ತದೆ. ಗಡ್ಡ ಬೆಳೆದಿದೆಯೇ, ಕನ್ನಡಿಗೆ ಬೆಡ್‌ಶೀಟು ಸುತ್ತಿದೆಯೇ, ಮನುಷ್ಯ ಸೋಫಾ ಬಿಟ್ಟು ರಟ್ಟಿನ ಪೆಟ್ಟಿಗೆಯ ಮೇಲೆ ಕುಳಿತಿದ್ದಾನೆಯೇ, ಹಾಗಾದರೆ ಖಲಾಸ್. ಅವನ ಫ್ರಿಜ್ಜಿಗೆ ಗಿರಾಕಿ ಹುಡುಕಲು ಶುರುಮಾಡಬಹುದು. ಅಲ್ ಬರ್ಷಾದ ಆ ಕಟ್ಟಡದಲ್ಲಿ ಹ್ಯೂಬರ್ಟ್ ಹೀಗೆ ಭವಿಷ್ಯ ಹೇಳಿದ ಸಂಸಾರಗಳು ಒಂದೊಂದಾಗಿ ಊರು ಸೇರಿದ್ದವು. ಅವನ ಮಾತು ತಪ್ಪಿದ್ದಿಲ್ಲ ಎಂದು ಎಲ್ಲರೂ ಒಪ್ಪುತ್ತಿದ್ದರು, ಲಿಫ್ಟಿನಲ್ಲಿ ಅವನು ಸಿಕ್ಕಿದರೆ ಮಾತ್ರ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು.

ಇಷ್ಟು ದೊಡ್ಡ ವಿದ್ವಾಂಸನ ಸ್ವಂತ ವೀಸಾ ಕ್ಯಾನ್ಸಲ್ ಆಗಿ ಒಂದು ತಿಂಗಳ ಮೇಲಾಗಿತ್ತು. ಕಟ್ಟಡಗಳ ನಕ್ಷೆಗಳಿಗೆ ನಂಬರು ಹಾಕಿ ಜೋಡಿಸಿಡುವುದು ಅವನ ಕೆಲಸ. ಆ ಕೆಲಸವನ್ನು ಕಂಪೆನಿ ಒಂದು ಸಾಫ್ಟ್‌ವೇರಿಗೆ ಒಪ್ಪಿಸಿ, ಹ್ಯೂಬರ್ಟನಿಗೆ ಕೈಕುಲುಕಿ, ಕೇಕು ತಿನ್ನಿಸಿ ಕಳಿಸಿತ್ತು. ಈಗ ಓಡುತ್ತಿದ್ದುದು ಕೆಲಸ ಹೋದವರಿಗೆ ಸರಕಾರ ಕೊಡುವ ಗ್ರೇಸ್ ಅವಧಿ. ಅದು ಮುಗಿಯುವುದರೊಳಗೆ ಬೇರೆ ಕೆಲಸ ಸಿಕ್ಕಿದರೆ ಸರಿ, ಇಲ್ಲದಿದ್ದರೆ ವಿಮಾನ. ಐವತ್ತು ದಾಟಿದವನಿಗೆ ಶಿರ್ವದಲ್ಲಿ ಯಾರೂ ಕೆಲಸ ಇಟ್ಟುಕೊಂಡು ಕಾಯುತ್ತಿರಲಿಲ್ಲ. ಹೆಂಡತಿ ಲೂರ್ದ್ ಅಲ್ ಐನಿನ ಆಸ್ಪತ್ರೆಯಲ್ಲಿ ನರ್ಸು. ಅಲ್ಲಿಯ ಹಾಸ್ಟೆಲಿನಲ್ಲೇ ಇದ್ದು, ರಜೆ ಸಿಕ್ಕಿದಾಗ ಬಂದು ಹೋಗುವವಳು. ಅವಳು ಇಲ್ಲಿ, ತಾನು ಅಲ್ಲಿ ಆಗಿಬಿಟ್ಟರೆ ಈ ಸಂಸಾರಕ್ಕೆ ಉಳಿಯುವುದು ವಾಟ್ಸಾಪ್ ಮಾತ್ರ ಎಂಬ ಹೆದರಿಕೆ ಹ್ಯೂಬರ್ಟನಿಗಿತ್ತು. ಅವಳಿಗೂ ಅವನು ವಿಷಯ ಹೇಳಿರಲಿಲ್ಲ. ಬೆಳಗ್ಗೆ ಟೈ ಕಟ್ಟಿ, ಬ್ಯಾಗು ಹಿಡಿದು, ಹತ್ತಿರದ ಮಾಲಿಗೆ ಹೋಗಿ ಎ.ಸಿ.ಯಲ್ಲಿ ಕುಳಿತು ಸಂಜೆ ದಣಿದು ಬರುತ್ತಿದ್ದ. ದಣಿವು ನಿಜವಾದದ್ದೇ. ಮಾಲಿನ ಬೆಂಚುಗಳನ್ನು ಕೂತವರು ಬೇಗ ಏಳಲಿ ಎಂದೇ ಮಾಡಿರುತ್ತಾರೆ.

ಆ ದಿನ ಬೆಳಗ್ಗೆ ಟೈ ಬಿಗಿದುಕೊಂಡು ಹೊರಗೆ ಬಂದವನಿಗೆ ಎದುರು ಫ್ಲ್ಯಾಟಿನ ಬಾಗಿಲು ತೆರೆದಿರುವುದು ಕಂಡಿತು. ಅದು ಲಿಯೊನಾರ್ಡ್ ಸಿಲ್ವರ್ ಎಂಬ ಇಂಗ್ಲೆಂಡಿನ ಯೆಹೂದಿ ಸಾಹೇಬರ ಮನೆ. ಅವರ ಹೆಂಡತಿ ಎಸ್ತರ್ ಮೇಡಮ್ ಶಾಲೆಯಲ್ಲಿ ಗಣಿತ ಕಲಿಸುವವರು. ಮಗಳ ಬಾಣಂತನಕ್ಕೆಂದು ರಜೆ ಹಾಕಿ ಇಂಗ್ಲೆಂಡಿಗೆ ಹೋಗಿದ್ದರು. ಸಾಹೇಬರಿಗೆ ಕಣ್ಣಿನ ಆಪರೇಷನ್ ಆಗಿ, ಒಂದು ಕಣ್ಣಿಗೆ ಪಟ್ಟಿ ಕಟ್ಟಿದ್ದರಿಂದ ಅವರೊಬ್ಬರೇ ಇಲ್ಲಿ ಉಳಿದಿದ್ದರು. ಹ್ಯೂಬರ್ಟ್ ಇಣುಕಿದ. ಹಜಾರದ ದೊಡ್ಡ ಕನ್ನಡಿಗೆ ಬೆಡ್‌ಶೀಟು ಸುತ್ತಿತ್ತು. ಸಾಹೇಬರು ಸೋಫಾದ ಪಕ್ಕದಲ್ಲಿ ಒಂದು ಗಿಡ್ಡ ಪೆಟ್ಟಿಗೆಯ ಮೇಲೆ, ಕಾಲ್ಚೀಲ ಮಾತ್ರ ಹಾಕಿಕೊಂಡು, ಬೆಳ್ಳಗಿನ ಗಡ್ಡ ಬಿಟ್ಟುಕೊಂಡು ಕುಳಿತಿದ್ದರು. ಅಂಗಿಯ ಕಾಲರು ಕೂಡ ಹರಿದಿತ್ತು.

"ಗುಡ್ ಮಾರ್ನಿಂಗ್ ಸರ್" ಎಂದ ಹ್ಯೂಬರ್ಟ್. ಸಾಹೇಬರು ತಲೆ ಆಡಿಸಿದರು.

ಇನ್ನೇನು ಬೇಕು? ಹಿಂದಿನ ದಿನ ಸಂಜೆ ಟೊಪ್ಪಿ ಹಾಕಿದ ಕೆಲವರು ಬಂದು, ಮೆಲ್ಲಗೆ ಕೂತು, ಮೆಲ್ಲಗೆ ಎದ್ದು ಹೋಗಿದ್ದನ್ನೂ ಅವನು ನೋಡಿದ್ದ. ಸಾಮಾನು ನೋಡಲು ಬಂದವರು, ರೇಟು ಕುದುರಲಿಲ್ಲ ಎಂದು ಆಗಲೇ ತೀರ್ಮಾನಿಸಿದ್ದ. ಈಗ ಲಿಫ್ಟಿನಲ್ಲಿ ಪಕ್ಕದ ಮನೆಯ ಶುಕೂರ್ ಮತ್ತು ಅವನ ಹೆಂಡತಿ ಮೈಮೂನ ಸಿಕ್ಕಿದ್ದೇ ತಡ, ತೀರ್ಪು ಹೊರಬಿತ್ತು.

"ಶುಕೂರಾಕ, ಸಿಲ್ವರ್ ಸಾಹೇಬರದ್ದು ಮುಗಿಯಿತು. ವೀಸಾ ಕ್ಯಾನ್ಸಲ್."

"ಎಂತ ಹೇಳ್ತೀರಿ ಪೊರ್ಬುಗಳೇ! ಬಿಳಿಯರದ್ದೂ ಆಗ್ತದಾ?" ಎಂದ ಶುಕೂರ್. ದೇರಾದಲ್ಲಿ ಎ.ಸಿ. ಸ್ಪೇರ್ ಪಾರ್ಟ್ಸಿನ ಅಂಗಡಿಯಲ್ಲಿ ದುಡಿಯುವ ಉಳ್ಳಾಲದ ಬ್ಯಾರಿ ಅವನು, ಊರಿನ ಕ್ರೈಸ್ತರೆಲ್ಲ ಅವನಿಗೆ ಪೊರ್ಬುಗಳೇ. ಜಗತ್ತಿನಲ್ಲಿ ಬಿಳಿಯರಿಗೂ ಕೆಟ್ಟದ್ದಾಗುತ್ತದೆ ಎಂಬ ಸುದ್ದಿಯಿಂದ ಅವನಿಗೆ ದುಃಖವೂ ಸ್ವಲ್ಪ ನೆಮ್ಮದಿಯೂ ಒಟ್ಟಿಗೇ ಆದವು.

"ಪಾಪ. ಒಳ್ಳೆಯ ಜನ" ಎಂದಳು ಮೈಮೂನ. ಲಿಫ್ಟು ಎರಡು ಮಹಡಿ ಇಳಿದ ಮೇಲೆ ಮತ್ತೆ ಕೇಳಿದಳು: "ಅವರದ್ದು ಆ ಎರಡು ಬಾಗಿಲಿನ ಫ್ರಿಜ್ಜು ಉಂಟಲ್ಲ, ಕೊಡ್ತಾರಂತೆಯಾ? ನಮ್ಮ ಮಗಳು ಹನಾಳಿಗೆ ಹೊಸ ಮನೆಗೆ ಬೇಕಿತ್ತು."

"ನಾನು ಮಾತಾಡ್ತೇನೆ" ಎಂದ ಹ್ಯೂಬರ್ಟ್. ಮಾತಾಡಲು ಅವನಿಗೆ ಬೇರೆ ಕಾರಣವಿತ್ತು.

ಹ್ಯೂಬರ್ಟನ ದೃಷ್ಟಿಯಲ್ಲಿ ಬಿಳಿಯ ಗಂಡಸು ಎಂದರೆ ಮ್ಯಾನೇಜರ್. ಸಾಹೇಬರು ಬೆಳಗ್ಗೆ ಕಾರಿನಲ್ಲಿ ಮೇಡಮ್ಮನ್ನು ಶಾಲೆಗೆ ಬಿಟ್ಟು ಬೇಗನೆ ಮನೆಗೆ ಮರಳುತ್ತಿದ್ದುದು ಅವರು ಬಹಳ ದೊಡ್ಡ ಮ್ಯಾನೇಜರ್ ಎಂಬುದಕ್ಕೆ ಅವನು ಕಂಡುಕೊಂಡ ಪುರಾವೆ. ದೊಡ್ಡವರಾದಷ್ಟೂ ಆಫೀಸಿನಲ್ಲಿ ಕೆಲಸ ಕಡಿಮೆ ಎಂಬುದು ಅವನ ಅನುಭವ. ಅಂಥವರು ಹೊರಡುವ ಮೊದಲು ಒಂದು ಫೋನು ಮಾಡಿ, 'ಹ್ಯೂಬರ್ಟ್ ಒಳ್ಳೆಯ ಮನುಷ್ಯ' ಎಂದು ಯಾರಿಗಾದರೂ ಹೇಳಿಬಿಟ್ಟರೆ ಸಾಕು. ಆದರೆ ಬರಿಗೈಯಲ್ಲಿ ಹೋಗಿ ಕೇಳುವುದು ಹೇಗೆ?

ಆಗ ಅವನಿಗೆ ಕುಗೆಲ್ ನೆನಪಾಯಿತು. ಕಳೆದ ಕ್ರಿಸ್‌ಮಸ್ಸಿಗೆ ಲೂರ್ದ್ ಆ ಮನೆಗೆ ಒಂದು ತಟ್ಟೆ ಹಬ್ಬದ ತಿಂಡಿ ಕುಸ್ವಾರ್ ಕೊಟ್ಟಿದ್ದಳು. ಆ ತಟ್ಟೆ ಖಾಲಿ ಮರಳಲಿಲ್ಲ. ಎಸ್ತರ್ ಮೇಡಮ್ ಅದರಲ್ಲಿ ಬಟಾಟೆ ಕುಗೆಲ್ ಎಂಬ ತಮ್ಮ ಯೆಹೂದಿ ತಿಂಡಿ ಇಟ್ಟು ಕಳಿಸಿದ್ದರು. ನೋಡಲು ಅದು ಒಗ್ಗರಣೆ ಮರೆತ ಬಟಾಟೆ ಪಲ್ಯವನ್ನು ಕೇಕಿನ ಹಾಗೆ ಕೊಯ್ದಂತಿತ್ತು. ಸಾಹೇಬರು ಪ್ರತಿ ಶುಕ್ರವಾರ ಸಂಜೆ ಅದಕ್ಕಾಗಿ ಬಾಯಿ ಬಿಡುತ್ತಾರೆ ಎಂದು ಮೇಡಮ್ ನಕ್ಕಿದ್ದರು. ಹೆಂಡತಿ ಹತ್ತಿರವಿಲ್ಲದ, ಕೆಲಸ ಕಳೆದುಕೊಂಡ ಗಂಡಸಿಗೆ ಅವನ ಮನೆಯ ತಿಂಡಿ ಮಾಡಿ ಕೊಟ್ಟರೆ ಎಂಥ ಕಲ್ಲೂ ಕರಗುತ್ತದೆ. ಈ ಮಾತು ಹ್ಯೂಬರ್ಟನಿಗೆ ಎಲ್ಲಿಂದ ಹೊಳೆಯಿತು ಎಂದು ವಿವರಿಸಬೇಕಾಗಿಲ್ಲ.

ಮಾಲಿನ ಬೆಂಚಿನ ಮೇಲೆ ಕುಳಿತು ಫೋನಿನಲ್ಲಿ ಹುಡುಕಿದ. ಅಮೆರಿಕದ ಒಬ್ಬ ಹೆಂಗಸು ನಗುನಗುತ್ತಾ, ಇದನ್ನು ಯಾರು ಬೇಕಾದರೂ ಮಾಡಬಹುದು ಎಂದು ಧೈರ್ಯ ಹೇಳಿದಳು. ತುರಿದು ಫ್ರೀಜ್ ಮಾಡಿದ ಬಟಾಟೆಯ ಪ್ಯಾಕೆಟು, ಈರುಳ್ಳಿ ಸೂಪಿನ ಪುಡಿ, ಮೊಟ್ಟೆ, ಎಣ್ಣೆ. ತುರಿಯುವ ಕೆಲಸವಿಲ್ಲ, ಈರುಳ್ಳಿ ಕೊಚ್ಚಿ ಅಳುವ ಕೆಲಸವೂ ಇಲ್ಲ. ಎಲ್ಲ ಕಲಸಿ ಓವನ್ನಿಗೆ ತಳ್ಳಿ ಬಾಗಿಲು ಹಾಕಿದರಾಯಿತು. ಹ್ಯೂಬರ್ಟ್ ಮಾಲಿನ ಕೆಳಗಿನ ಸೂಪರ್ ಮಾರ್ಕೆಟಿನಲ್ಲಿ ಎಲ್ಲ ಕೊಂಡುಕೊಂಡ. ಒಂದು ಹೊಸ ಅಲ್ಯೂಮಿನಿಯಮ್ ಫಾಯಿಲಿನ ಟ್ರೇಯನ್ನೂ ತೆಗೆದುಕೊಂಡ. ಮನೆಯ ಟ್ರೇಯಲ್ಲಿ ಈಸ್ಟರಿಗೆ ಹಂದಿ ರೋಸ್ಟು ಮಾಡಿತ್ತು. ಯೆಹೂದಿಗಳಿಗೆ ಅದು ಆಗುವುದಿಲ್ಲ ಎಂಬುದಾದರೂ ಅವನಿಗೆ ಗೊತ್ತಿತ್ತು. ಆ ದಿನ ಅವನು ಮಾಡಿದ ಸರಿಯಾದ ಕೆಲಸ ಇದೊಂದೇ ಆದ್ದರಿಂದ ಇಲ್ಲಿ ದಾಖಲಿಸಿದ್ದೇನೆ.

ಮನೆಯಲ್ಲಿ ಕಲಸಿದ. ಚಿಟಿಕೆ ಬಾಯಿಗೆ ಹಾಕಿ ನೋಡಿದ. ಸಪ್ಪೆ. ಮನುಷ್ಯನಿಗೆ ಇಷ್ಟೊಂದು ಕಷ್ಟ ಬಂದಿರುವಾಗ ಇಷ್ಟು ಸಪ್ಪೆ ತಿನ್ನಿಸುವುದು ಕ್ರೌರ್ಯ ಎನ್ನಿಸಿತು. ಅತ್ತೆ ಅಪೊಲೊನಿಯಾ ಬಾಯಿ ಊರಿನಿಂದ ಕಳಿಸಿದ, ಮೆಣಸಿನ ಖಾರದ ಬಾಫತ್ ಮಸಾಲೆ ಪುಡಿಯ ಡಬ್ಬಿ ತೆಗೆದು ಎರಡು ಚಮಚ, ಧಾರಾಳ ಮನಸ್ಸಿನಿಂದ ಇನ್ನೊಂದು ಚಮಚ ಹಾಕಿದ. ಕುಗೆಲ್ ಕೆಂಪಗೆ, ಕ್ರೈಸ್ತರ ಮನೆಯದಾಗಿ ಕಾಣಿಸತೊಡಗಿತು.

ಇನ್ನು ಓವನ್. ನಮ್ಮವರ ಮನೆಗಳಲ್ಲಿ ಓವನ್ ಎಂದರೆ ಕಪಾಟು. ಈಸ್ಟರಿನ ನಂತರ ಲೂರ್ದ್ ಅದರೊಳಗೆ ದೋಸೆ ಕಾವಲಿ, ಬಾಣಲೆ, ಜೊತೆಗೆ ತನ್ನ ಪ್ಲಾಸ್ಟಿಕ್ ಡಬ್ಬಿಗಳ ಮುಚ್ಚಳಗಳನ್ನೆಲ್ಲ ತುಂಬಿಟ್ಟಿದ್ದಳು. ಹ್ಯೂಬರ್ಟ್ ಕಾವಲಿಯನ್ನೂ ಬಾಣಲೆಯನ್ನೂ ತೆಗೆದ, ಹಿಂದೆ ಸೇರಿಕೊಂಡಿದ್ದ ಮುಚ್ಚಳಗಳನ್ನು ನೋಡಲಿಲ್ಲ. ಓವನ್ ಕಾದಂತೆ ಮೊದಲು ಒಂದು ವಾಸನೆ ಬಂತು. ಯೆಹೂದಿ ಅಡುಗೆಯ ವಾಸನೆ ಹೀಗೇ ಇರಬೇಕು ಎಂದು ಅವನು ಸಹಿಸಿಕೊಂಡ. ಆಮೇಲೆ ಕಪ್ಪು ಹೊಗೆ ಬಂತು, ಅದರ ಹಿಂದೆಯೇ ಇಡೀ ಮಹಡಿಯ ಅಲಾರಾಂ ಅರಚಿತು.

ಬಾಗಿಲುಗಳು ತೆರೆದವು, ಮಕ್ಕಳು ಅತ್ತವು. ಕಟ್ಟಡ ಕಾಯುವ ನಾತೂರ್ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಓಡಿಬಂದ. "ಕ್ಯಾ ಹುವಾ ಸಾಬ್? ಮೇರಾ ನೌಕರಿ ಜಾಯೇಗಾ!" ಎಂದು ಬಡಿದುಕೊಂಡ. ನೌಕರಿ ಎಂಬ ಶಬ್ದ ಕೇಳಿದ್ದೇ ಹ್ಯೂಬರ್ಟ್ ಓಡಿಹೋಗಿ ಓವನ್ನಿನ ಸ್ವಿಚ್ಚು ಆರಿಸಿದ. ಮಧ್ಯಾಹ್ನ ಅಂಗಡಿ ಮುಚ್ಚಿ ಬಂದಿದ್ದ ಶುಕೂರ್ ಮೂಗಿಗೆ ಟವೆಲು ಒತ್ತಿಕೊಂಡು ಕಿಟಕಿಗಳನ್ನು ತೆರೆದ. ಮೈಮೂನ ಆಗಲೇ ಫೋನು ಹಿಡಿದು ಅಲ್ ಐನಿಗೆ ಮೆಸೇಜು ಮಾಡತೊಡಗಿದ್ದಳು.

"ಪೊರ್ಬುಗಳೇ, ಬೆಳಗ್ಗೆ ಆಫೀಸಿಗೆ ಹೋದವರಲ್ವಾ ನೀವು?" ಎಂದು ಕೇಳಿದಳು.

"ಸಾಹೇಬರಿಗೆ ಸೆಂಡ್-ಆಫ್ ಮಾಡ್ಲಿಕ್ಕೆ ಅಂತ ಅರ್ಧ ದಿನ ರಜೆ ಹಾಕಿದೆ" ಎಂದ ಹ್ಯೂಬರ್ಟ್ ಕೆಮ್ಮುತ್ತಾ. ಹೊಗೆಯಲ್ಲಿ ನಿಂತು ಹೇಳಿದ ಮಾತಾದ್ದರಿಂದ ಎಲ್ಲರೂ ನಂಬಿದರು. ಅರ್ಧ ಗಂಟೆಯೊಳಗೆ, ಸಿಲ್ವರ್ ಸಾಹೇಬರು ಹೊರಟರು, ಹ್ಯೂಬರ್ಟ್ ಪೊರ್ಬುಗಳು ಪಾರ್ಟಿ ಇಟ್ಟಿದ್ದಾರೆ ಎಂದು ಸುದ್ದಿ ಕೆಳಗಿನ ಪಾರ್ಕಿಂಗಿನವರೆಗೆ ಇಳಿಯಿತು.

ಇಷ್ಟೆಲ್ಲ ಗಲಾಟೆಗೂ ಎದುರು ಮನೆಯಿಂದ ಸಾಹೇಬರು ಎದ್ದು ಬರಲಿಲ್ಲ. ಬಾಗಿಲು ತೆರೆದೇ ಇತ್ತು, ಅವರು ಪೆಟ್ಟಿಗೆಯ ಮೇಲೆ ಕುಳಿತೇ ಇದ್ದರು.

"ಬೆಂಕಿ ಅಂದರೂ ಏಳಲಿಲ್ಲ" ಎಂದಳು ಮೈಮೂನ.

"ವೀಸಾ ಹೋದವನಿಗೆ ಬೆಂಕಿ ಯಾವ ಲೆಕ್ಕ?" ಎಂದ ಹ್ಯೂಬರ್ಟ್. ಈ ಮಾತನ್ನು ಅವನು ಬಹಳ ಅನುಭವದಿಂದ ಹೇಳಿದ.

ಕರಗಿದ ಪ್ಲಾಸ್ಟಿಕನ್ನು ಕೆರೆದು ತೆಗೆದು, ಪುಣ್ಯಕ್ಕೆ ಇನ್ನೂ ಒಳಗೆ ಇಡದೆ ಇದ್ದ ಕುಗೆಲನ್ನು ಓವನ್ನಿಗೆ ತಳ್ಳಿ, ಅದು ಬೇಯುವಷ್ಟರಲ್ಲಿ ಮಾತಾಡಿ ಮುಗಿಸೋಣವೆಂದು ಮೂವರೂ ಎದುರು ಮನೆಗೆ ಹೋದರು. ಸಾಹೇಬರು ಕೈಯಿಂದ ಕುರ್ಚಿಗಳನ್ನು ತೋರಿಸಿದರು. ತಾವು ಮಾತ್ರ ಕೆಳಗೇ ಕುಳಿತರು. ಶುಕೂರ್ ಫ್ರಿಜ್ಜನ್ನು ನೋಡಿದ, ಮೈಮೂನ ಶುಕೂರನನ್ನು ನೋಡಿದಳು.

"ಮರಣದ ಮನೆಯ ಹಾಗೆ ಉಂಟಲ್ಲ" ಎಂದು ಅವಳು ಮೆಲ್ಲಗೆ ಕನ್ನಡದಲ್ಲಿ ಹೇಳಿದಳು.

"ಕೆಲಸ ಹೋದ ಮನೆಯಲ್ಲಿ ಎಂತ ಗಮ್ಮತ್ತು ಇರ್ತದೆ ಮೈಮೂನಕ್ಕ? ಮೇಡಮ್ ಮಗಳ ಹತ್ತಿರವೇ ಇದ್ದಾರೆ. ಅಲ್ಲೇ ನಿಲ್ಲುವುದಾಗಿ ಮಾಡಿರಬೇಕು. ಬುದ್ಧಿವಂತರು" ಎಂದ ಹ್ಯೂಬರ್ಟ್.

ಕೊನೆಗೆ ಶುಕೂರ್ ಗಂಟಲು ಸರಿಮಾಡಿಕೊಂಡು, ತನ್ನ ಅಂಗಡಿಯ ಇಂಗ್ಲಿಷಿನಲ್ಲಿ ಆರಂಭಿಸಿದ. ಸಾಹೇಬರು ಬಹಳ ಒಳ್ಳೆಯವರು, ಎಲ್ಲ ದೇವರ ಇಚ್ಛೆ, ನಾವು ಎಲ್ಲರೂ ಒಂದು ದಿನ ಹೋಗುವವರೇ, ಈ ಫ್ರಿಜ್ಜಿಗೆ ಎಷ್ಟು?

ಸಾಹೇಬರು ಒಂದೇ ಕಣ್ಣಿನಿಂದ ಅವನನ್ನು ದೀರ್ಘವಾಗಿ ನೋಡಿದರು. ಬಂದವರು ಸಮಾಧಾನ ಹೇಳಬೇಕು, ಹೇಳದಿದ್ದರೆ ಸುಮ್ಮನೆ ಕೂರಬೇಕು. ಫ್ರಿಜ್ಜು ಕೇಳುವವರನ್ನು ಅವರು ಎಂದೂ ಕಂಡಿರಲಿಲ್ಲ. ಆದರೆ ಅವರ ಮುಖದಲ್ಲಿ ಸಿಟ್ಟು ಬರಲಿಲ್ಲ, ಏನೂ ಬರಲಿಲ್ಲ.

"ತೆಗೆದುಕೊಂಡು ಹೋಗಿ" ಎಂದರು. "ಒಬ್ಬನಿಗೆ ಅಷ್ಟು ದೊಡ್ಡದು ಯಾಕೆ? ಹಣ ಬೇಡ."

ಇಷ್ಟು ಸುಲಭದ ವ್ಯಾಪಾರವನ್ನು ಶುಕೂರ್ ತನ್ನ ಆಯುಷ್ಯದಲ್ಲಿ ಮಾಡಿರಲಿಲ್ಲ. ಸಾಹೇಬರ ಮನಸ್ಸು ಬದಲಾಗುವ ಮೊದಲು ನಾತೂರನ ತಳ್ಳುಗಾಡಿ ಬಂತು. ಫ್ರಿಜ್ಜು ಖಾಲಿ ಮಾಡುವ ಹೊಣೆಯನ್ನು ಹ್ಯೂಬರ್ಟ್ ಹೊತ್ತುಕೊಂಡ. ಹಾಲು, ಬೆಣ್ಣೆಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ಫ್ರೀಜರಿನ ತಳದಲ್ಲಿ ಒಂದು ಗಾಜಿನ ಪಾತ್ರೆ ಸಿಕ್ಕಿತು. ಒಳಗೆ ಹಿಮ ಹಿಡಿದ ಅರ್ಧ ಕುಗೆಲ್. ಹ್ಯೂಬರ್ಟನಿಗೆ ನಗು ಬಂತು. ಪಾಪ, ಹಳಸಿದ್ದನ್ನೇ ಇಟ್ಟುಕೊಂಡು ದಿನ ಕಳೆಯುತ್ತಿದ್ದಾರೆ, ಇನ್ನು ಬಿಸಿಬಿಸಿಯಾದದ್ದು ಬರುತ್ತದಲ್ಲ ಎಂದುಕೊಂಡ. ಅದನ್ನು ಕೆರೆದು ಕವರಿಗೆ ಹಾಕಿ, ಕಾರಿಡಾರಿನ ತುದಿಯಲ್ಲಿದ್ದ ಕಸದ ಕೊಳವೆಗೆ ಬಿಟ್ಟ. ಪಾತ್ರೆಯನ್ನು ತಿಕ್ಕಿ ತೊಳೆದು ಕವುಚಿಟ್ಟ. ತೊಳೆದದ್ದಕ್ಕೆ ತನ್ನನ್ನೇ ಮೆಚ್ಚಿಕೊಂಡ.

ಫ್ರಿಜ್ಜು ಮೆರವಣಿಗೆಯಲ್ಲಿ ಶುಕೂರನ ಮನೆ ಸೇರಿತು. ಹ್ಯೂಬರ್ಟ್ ಬೆಂದ ಕುಗೆಲಿನಲ್ಲಿ ಅರ್ಧವನ್ನು ತಟ್ಟೆಗೆ ಹಾಕಿಕೊಂಡು, ಅದರ ಕೆಳಗೆ ತನ್ನ ಸಿ.ವಿ. ಹಿಡಿದುಕೊಂಡು ಮರಳಿ ಬಂದ. ಎಣ್ಣೆ ಇಳಿದು ಸಿ.ವಿ.ಯಲ್ಲಿ ಅವನ ಹತ್ತೊಂಬತ್ತು ವರ್ಷದ ಅನುಭವ ಪಾರದರ್ಶಕವಾಗಿತ್ತು.

"ನೀವೇ ಮಾಡಿದ್ದಾ?" ಎಂದು ಸಾಹೇಬರು ಕೇಳಿದರು. ಅವರ ದನಿಯಲ್ಲಿ ಮೊದಲ ಸಲ ಜೀವ ಬಂತು.

"ಹೌದು ಸರ್. ವೆರಿ ಈಸಿ."

"ಎಸ್ತರ್ ಕೈಯಲ್ಲೇ ತುರಿಯುತ್ತಿದ್ದಳು. ಪ್ರತಿ ಸಲ ಬೆರಳು ಗಾಯ." ಅವರು ತಟ್ಟೆಯನ್ನು ತೆಗೆದುಕೊಳ್ಳಲಿಲ್ಲ. "ಹ್ಯೂಬರ್ಟ್, ಒಂದು ಉಪಕಾರ ಮಾಡಿ. ಫ್ರಿಜ್ಜು ಅವರ ಬಳಿಯೇ ಇರಲಿ. ಫ್ರೀಜರಿನಲ್ಲಿ ಒಂದು ಗಾಜಿನ ಪಾತ್ರೆ ಇದೆ, ಅದನ್ನು ಮಾತ್ರ ತಂದುಕೊಡಿ. ಅವಳು ಹೋಗುವ ಮೊದಲು ಮಾಡಿಟ್ಟದ್ದು. ಶುಕ್ರವಾರಕ್ಕೊಂದು ತುಂಡು ತಿನ್ನಬೇಕು, ನಾನು ಬರುವಷ್ಟರಲ್ಲಿ ಮುಗಿದಿರಬೇಕು ಎಂದಿದ್ದಳು. ಫೋನು ಬಂದ ಮೇಲೆ ತಿನ್ನಲಾಗಲಿಲ್ಲ."

"ಯಾವ ಫೋನು ಸರ್?"

ಆಗ ಸಾಹೇಬರು ಹೇಳಿದರು. ಮಗಳ ಮನೆಯಲ್ಲಿ ಮಗುವನ್ನು ಎತ್ತಿಕೊಂಡಿದ್ದಾಗಲೇ ಎಸ್ತರಳಿಗೆ ಎದೆನೋವು ಬಂದು, ಮಗುವನ್ನು ಮಗಳ ಕೈಗೆ ಕೊಟ್ಟು ಕುಳಿತವಳು ಏಳಲಿಲ್ಲ. ಅವರ ಧರ್ಮದಲ್ಲಿ ಮಣ್ಣು ಮಾಡುವುದನ್ನು ತಡಮಾಡುವುದಿಲ್ಲ. ಇವರಿಗೆ ಕಣ್ಣಿನ ಆಪರೇಷನ್ ಆದದ್ದರಿಂದ ವಿಮಾನ ಹತ್ತಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಇಷ್ಟು ವರ್ಷ ಒಟ್ಟಿಗೆ ಇದ್ದ ಹೆಂಡತಿಯ ಮಣ್ಣನ್ನು ಒಂದು ಕಣ್ಣಿನಲ್ಲಿ ಫೋನಿನ ಪರದೆಯ ಮೇಲೆ ನೋಡಿದರು. ಈಗ ಕೂತಿರುವುದು ಶೋಕಕ್ಕೆ. ಕನ್ನಡಿಗೆ ಬಟ್ಟೆ ಮುಚ್ಚಬೇಕು, ಕೆಳಗೆ ಕೂರಬೇಕು, ಚಪ್ಪಲಿ ಹಾಕಬಾರದು, ಬಾಗಿಲು ತೆರೆದಿಡಬೇಕು. ಬರುವವರು ಬರಲಿ ಎಂದು.

ಬಂದವರು ಫ್ರಿಜ್ಜು ಕೊಂಡುಹೋಗಿದ್ದರು.

"ಈಗ ತಂದೆ ಸರ್" ಎಂದು ಹ್ಯೂಬರ್ಟ್ ಹೊರಗೆ ಓಡಿದ. ಲಿಫ್ಟಿಗೆ ಕಾಯದೆ ಏಳು ಮಹಡಿ ಇಳಿದು ಕಸದ ಕೋಣೆಗೆ ಹೋದ. ಡಬ್ಬಗಳು ತೊಳೆದು ಸಾಲಾಗಿ ನಿಂತಿದ್ದವು. "ಗಾಡಿ ಅಭೀ ಗಯಾ ಸಾಬ್" ಎಂದ ನಾತೂರ್. "ಆಜ್ ಜಲ್ದೀ ಆಯಾ." ಆ ಕಟ್ಟಡದ ಇತಿಹಾಸದಲ್ಲಿ ಕಸದ ಲಾರಿ ಮೊದಲ ಸಲ ಹೊತ್ತಿಗೆ ಮುಂಚೆ ಬಂದಿತ್ತು.

ಮೇಲೆ ಬಂದ ಹ್ಯೂಬರ್ಟ್ ಕಾರಿಡಾರಿನಲ್ಲೇ ಮೈಮೂನಳಿಗೆ ವಿಷಯ ಹೇಳಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದಳು.

"ಯಾ ಅಲ್ಲಾಹ್! ಮರಣದ ಮನೆಯಿಂದ ಫ್ರಿಜ್ಜು ತಂದೆವಾ ನಾವು? ನಾನು ಹೇಳಿದೆ, ಹೇಳಿದೆ ಅಲ್ವಾ ಪೊರ್ಬುಗಳೇ, ನೀವು ಬಾಯಿ ಮುಚ್ಚಿಸಿದ್ದು! ನಮ್ಮಲ್ಲಿ ಅಂಥ ಮನೆಯಲ್ಲಿ ಒಲೆ ಹಚ್ಚಲಿಕ್ಕೆ ಬಿಡುವುದಿಲ್ಲ, ನಾವೇ ಊಟ ಕೊಂಡುಹೋಗುವುದು. ನಾವು ಎಂತ ಮಾಡಿದೆವು?" ಒಳಗೆ ತಿರುಗಿ ಗಂಡನಿಗೆ ಕೂಗಿದಳು: "ಕೇಳ್ತಾ ಉಂಟಾ ನಿಮಗೆ? ತೆಗೀರಿ ಅದನ್ನು, ಹೊರಗೆ ತೆಗೀರಿ!"

ಶುಕೂರ್ ಆಗಷ್ಟೇ ಪ್ಲಗ್ಗು ಹಾಕಿದ್ದ. ಅದನ್ನು ಕಿತ್ತು ಮತ್ತೆ ನಾತೂರನನ್ನು ಕರೆಸಿದ. "ಇನ್ನಾ ಲಿಲ್ಲಾಹಿ" ಎಂದು ಸಾವಿನ ಸುದ್ದಿಗೆ ಹೇಳುವ ಮಾತನ್ನು ಗೊಣಗುತ್ತಾ ಗಾಡಿ ತಳ್ಳಿದ. ಒಂದೇ ದಿನದಲ್ಲಿ ಒಂದೇ ಫ್ರಿಜ್ಜು ಎರಡು ಸಲ ಹಾದುಹೋಗುವುದನ್ನು ಮಹಡಿಯ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. "ಈಸ್ ಇಟ್ ಬ್ರೋಕನ್, ಅಂಕಲ್?" ಎಂದು ಒಂದು ಮಗು ಕೇಳಿತು. ಶುಕೂರ್ ಗಾಡಿಯನ್ನು ಇನ್ನಷ್ಟು ಜೋರಾಗಿ ತಳ್ಳಿದ.

ಇಷ್ಟರಲ್ಲಿ ಹ್ಯೂಬರ್ಟ್ ಹೇಳಬಾರದ ಒಂದು ಕೆಲಸ ಮಾಡಿದ್ದ. ಸಾಹೇಬರ ಅಡುಗೆಮನೆಗೆ ಸದ್ದಿಲ್ಲದೆ ನುಗ್ಗಿ ಕವುಚಿಟ್ಟ ಪಾತ್ರೆ ಎತ್ತಿಕೊಂಡು, ತನ್ನ ಮನೆಯಲ್ಲಿ ಉಳಿದಿದ್ದ ಅರ್ಧ ಕುಗೆಲನ್ನು ಅದರೊಳಗೆ ಅಂದವಾಗಿ ಕೂರಿಸಿದ್ದ. ಮನುಷ್ಯನಿಗೆ ಒಂದೇ ಕಣ್ಣು ಕಾಣುವುದು, ದುಃಖದಲ್ಲಿ ನಾಲಗೆಗೆ ಏನು ಗೊತ್ತಾಗುತ್ತದೆ? ಸತ್ಯ ಹೇಳಿದರೆ ಕೆಲಸದ ಆಸೆಯೂ ಅಲ್ಲಿಗೆ ಮುಗಿಯಿತು. ಪಾತ್ರೆಯನ್ನು ಸಾಹೇಬರ ಕೈಗೆ ಕೊಟ್ಟ. ಪಾತ್ರೆ ಇನ್ನೂ ಬೆಚ್ಚಗಿತ್ತು.

ಸಾಹೇಬರು ಬೆಚ್ಚಗಿರುವುದನ್ನು ಗಮನಿಸಲಿಲ್ಲ. ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಅಂಚನ್ನು ಬೆರಳಿನಿಂದ ಸವರಿದರು. ತಮ್ಮ ಭಾಷೆಯಲ್ಲಿ ಏನೋ ಮಂತ್ರ ಹೇಳಿ ಫೋರ್ಕಿನಿಂದ ಒಂದು ತುಂಡು ಮುರಿದು ಬಾಯಿಗೆ ಇಟ್ಟರು. ಅಪೊಲೊನಿಯಾ ಬಾಯಿಯ ಬಾಫತ್ ಪುಡಿ ಯಾರ ಶೋಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವಂಥದ್ದಲ್ಲ. ಸಾಹೇಬರು ಕೆಮ್ಮಿದರು, ಮುಖ ಕೆಂಪಾಯಿತು, ಪಟ್ಟಿಯಿಲ್ಲದ ಕಣ್ಣಿನಿಂದ ನೀರು ಸುರಿಯಿತು. ಹ್ಯೂಬರ್ಟ್ ನೀರು ತಂದುಕೊಟ್ಟ.

"ಇದು ಅವಳದ್ದಲ್ಲ" ಎಂದರು ಸಾಹೇಬರು, ದಮ್ಮು ಬಂದ ಮೇಲೆ.

ಹ್ಯೂಬರ್ಟನ ಬಾಯಿಂದ ಎಲ್ಲ ಒಟ್ಟಿಗೆ ಹೊರಬಿತ್ತು. ಕಸದ ಕೊಳವೆ, ಲಾರಿ, ಪಾತ್ರೆ, ಅರ್ಧ ಕುಗೆಲ್. ಹಳಸಿದ್ದು ಅಂದುಕೊಂಡೆ ಸರ್, ವೀಸಾ ಕ್ಯಾನ್ಸಲ್ ಅಂದುಕೊಂಡೆ ಸರ್, ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ ಸರ್. ಹೇಳುತ್ತಾ ಹೇಳುತ್ತಾ ಅವನು ಅತ್ತುಬಿಟ್ಟ. ಸತ್ತ ಹೆಂಗಸಿನ ಕೈಯಡುಗೆಯನ್ನು ಕಸಕ್ಕೆ ಹಾಕಿದ ಪಾಪಕ್ಕೆ ಪಾದ್ರಿಗಳ ಹತ್ತಿರವೂ ಪ್ರಾಯಶ್ಚಿತ್ತ ಇರಲಾರದು ಎಂದು ಅವನಿಗೆ ಅನ್ನಿಸಿತು.

ಸಾಹೇಬರು ಪಾತ್ರೆಯನ್ನು ತೊಡೆಯಿಂದ ಇಳಿಸಿ ನೆಲದ ಮೇಲಿಟ್ಟರು. ಬಾಗಿಲಲ್ಲಿ ಶುಕೂರ್ ಫ್ರಿಜ್ಜಿನ ಜೊತೆ ಬಂದು, ಒಳಗೆ ಬರುವುದೋ ಬೇಡವೋ ತಿಳಿಯದೆ ನಿಂತಿದ್ದ.

"ಹೋಗಿಬಿಡಿ ಎನ್ನಬೇಕು ನಿಮಗೆ" ಎಂದರು ಸಾಹೇಬರು ಕೊನೆಗೆ. "ಎನ್ನಲು ಶಕ್ತಿಯಿಲ್ಲ. ನೀವು ನನ್ನ ಹತ್ತಿರ ಬಂದದ್ದು ಯಾಕೆ, ಅದನ್ನಾದರೂ ಹೇಳಿ."

ಹ್ಯೂಬರ್ಟ್ ಎಣ್ಣೆಯ ಕಾಗದವನ್ನು ಮುಂದೆ ಹಿಡಿದ. "ಕೆಲಸಕ್ಕೆ ಸರ್. ನನ್ನದು ಹೋಗಿದೆ. ನೀವು ದೊಡ್ಡ ಮ್ಯಾನೇಜರು, ಒಂದು ಮಾತು ಹೇಳಿದರೆ..."

ಸಾಹೇಬರು ನಕ್ಕರು. ಆ ನಗು ಕೇಳಿ ಶುಕೂರ್ ಒಂದು ಹೆಜ್ಜೆ ಹಿಂದೆ ಸರಿದ.

"ನಾನು ಯಾವ ಮ್ಯಾನೇಜರೂ ಅಲ್ಲ ಹ್ಯೂಬರ್ಟ್. ಇಲ್ಲಿ ನನಗೆ ಎಂದೂ ಕೆಲಸವೇ ಇರಲಿಲ್ಲ. ಕೆಲಸ ಅವಳದ್ದು, ಮನೆ ಅವಳ ಶಾಲೆಯದ್ದು, ವೀಸಾ ಅವಳ ಹೆಸರಿನದ್ದು. ನಾನು ಅವಳನ್ನು ಬಿಟ್ಟು ಬಂದು ಪಾತ್ರೆ ತೊಳೆಯುತ್ತಿದ್ದೆ. ಶಾಲೆಯವನೊಬ್ಬ ಫೋನು ಮಾಡಿದ್ದ. ಬಹಳ ಮರ್ಯಾದೆಯ ಮನುಷ್ಯ, ಮೊದಲು ದುಃಖ ಹೇಳಿದ, ಆಮೇಲೆ ವೀಸಾದ ವಿಷಯ ಹೇಳಿದ." ಕಣ್ಣು ಒರೆಸಿಕೊಂಡರು. ಅದು ಖಾರಕ್ಕೋ ಬೇರೆಯದಕ್ಕೋ ತಿಳಿಯಲಿಲ್ಲ. "ನಿಮ್ಮ ಸುದ್ದಿ ಸುಳ್ಳಲ್ಲ. ನಾನು ಹೋಗಬೇಕಾದವನೇ. ಆ ಫ್ರಿಜ್ಜನ್ನು ಅವರು ತೆಗೆದುಕೊಂಡು ಹೋಗಲಿ, ದಯವಿಟ್ಟು ಹೇಳಿ."

ಶುಕೂರ್ ಫ್ರಿಜ್ಜನ್ನು ತಬ್ಬಿಕೊಂಡಂತೆ ನಿಂತು, ತಲೆ ಅಡ್ಡಡ್ಡ ಆಡಿಸಿದ. ತೆಗೆದುಕೊಂಡು ಹೋಗುವ ಧೈರ್ಯ ಅವನಿಗಿರಲಿಲ್ಲ, ಬಿಟ್ಟು ಹೋಗುವುದೂ ಅವಮಾನ ಅನ್ನಿಸಿತ್ತು.

ಅಷ್ಟರಲ್ಲಿ ಹ್ಯೂಬರ್ಟನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅಲ್ ಐನಿನಿಂದ ಲೂರ್ದ್. ಡ್ಯೂಟಿ ಮುಗಿಸಿ ಮೈಮೂನಳ ಮೆಸೇಜು ಓದಿದ್ದಳು. ಅವಳ ದನಿ ಎಂಥದೆಂದರೆ, ಫೋನನ್ನು ಕಿವಿಯಿಂದ ದೂರ ಹಿಡಿದರೂ ಕೋಣೆಗೆಲ್ಲ ಕೇಳಿತು.

"ಹ್ಯೂಬರ್ಟ್! ಓವನ್ ಸುಟ್ಟೆಯಂತೆ! ನನ್ನ ಮುಚ್ಚಳ ಎಲ್ಲ ಕರಗಿಸಿದೆಯಂತೆ! ಕೆಲಸದ ದಿನ ಮನೆಯಲ್ಲಿ ಕೂತು ಎಂತ ಮಾಡ್ತಾ ಇದ್ದೀ ನೀನು? ಆಫೀಸಿಲ್ಲವಾ?"

ಹ್ಯೂಬರ್ಟ್ ಸಾಹೇಬರ ಮುಖ ನೋಡಿದ. ಸುಳ್ಳು ಹೇಳಲು ಆ ದಿನ ಅವನಲ್ಲಿ ಏನೂ ಉಳಿದಿರಲಿಲ್ಲ.

"ಲೂರ್ದ್, ನನ್ನ ಕೆಲಸ ಹೋಗಿದೆ. ಹೋಗಿ ಒಂದು ತಿಂಗಳು ದಾಟಿತು."

ಲೈನು ತುಂಡಾಯಿತೋ ಎಂದು ಹ್ಯೂಬರ್ಟ್ ಫೋನನ್ನು ತಿರುಗಿಸಿ ನೋಡಿದ.

"ಮತ್ತೆ ದಿನಾ ಟೈ ಕಟ್ಟಿ ಫೋಟೋ ಕಳಿಸ್ತಿದ್ದೆಯಲ್ಲ? ಎಲ್ಲಿಗೆ ಹೋಗ್ತಿದ್ದದ್ದು?"

"ಮಾಲಿಗೆ."

"ಮಾಲಿಗೆ!" ಎಂದಳು ಲೂರ್ದ್. ಅಲ್ಲಿಂದ ಶುರುವಾಯಿತು. ಕೊಂಕಣಿಯಲ್ಲಿ, ಶಿರ್ವದ ಕೊಂಕಣಿಯಲ್ಲಿ, ಉಸಿರು ತೆಗೆದುಕೊಳ್ಳದೆ. ನಾನು ಇಲ್ಲಿ ಎರಡೆರಡು ಡ್ಯೂಟಿ ಮಾಡಿ ಸಾಯ್ತಾ ಇದ್ದೇನೆ, ನೀನು ಅಲ್ಲಿ ಬೆಂಚಿನ ಮೇಲೆ ಒಬ್ಬನೇ ಕೂತು ಸಾಯ್ತಾ ಇದ್ದೀ, ಹೇಳಿದರೆ ನಾನೇನು ನಿನ್ನನ್ನು ತಿನ್ನುತ್ತಿದ್ದೆನಾ? ನಾನು ಹೆಂಡತಿಯೋ ಯಾರು? ಹೋಗುವುದಾದರೆ ಇಬ್ಬರೂ ಹೋಗುವ, ಇರುವುದಾದರೆ ಇಬ್ಬರೂ ಇರುವ, ಈ ಆಸ್ಪತ್ರೆಯೇನು ನನ್ನ ಅಪ್ಪ ಕಟ್ಟಿಸಿದ್ದಾ? ಮಧ್ಯದಲ್ಲಿ ಅತ್ತಳು, ಅತ್ತದ್ದು ಸಾಲದೆಂದು ಮತ್ತೆ ಬೈದಳು.

ಮರಣದ ಮನೆಯಲ್ಲಿ ಇದೆಂಥ ಗಲಾಟೆ ಎಂದು ಹ್ಯೂಬರ್ಟನಿಗೆ ನಾಚಿಕೆಯಾಯಿತು. ಎದ್ದು ಹೊರಗೆ ಹೋಗಲು ಹೊರಟ. ಸಾಹೇಬರು ಅವನ ಪ್ಯಾಂಟಿನ ತುದಿ ಹಿಡಿದರು.

"ನಿಮ್ಮ ಹೆಂಡತಿಯಾ?"

"ಹೌದು ಸರ್. ಬೈಯುತ್ತಿದ್ದಾಳೆ. ಸಾರಿ ಸರ್, ಕಟ್ ಮಾಡ್ತೇನೆ."

"ಬೇಡ" ಎಂದರು ಸಾಹೇಬರು. "ಕಟ್ ಮಾಡಬೇಡಿ. ಬೈಯಲಿ."

ಹ್ಯೂಬರ್ಟ್ ಫೋನನ್ನು ಸ್ಪೀಕರಿಗೆ ಹಾಕಿ ಇಬ್ಬರ ನಡುವೆ ನೆಲದ ಮೇಲೆ ಇಟ್ಟು, ತಾನೂ ಕೆಳಗೆ ಕುಳಿತ. ಒಂದು ಶಬ್ದವೂ ಅರ್ಥವಾಗದ ಆ ಬೈಗುಳವನ್ನು ಸಾಹೇಬರು ತಲೆ ಬಗ್ಗಿಸಿ, ಕಣ್ಣು ಮುಚ್ಚಿ ಕೇಳುತ್ತಾ ಕುಳಿತರು. ಲೂರ್ದ್ ಬೈಯುತ್ತಲೇ ಇದ್ದಳು.